ಕಡಲಿನ ಹದ ನೋಡುವ ಸ್ವಯಂಚಾಲಿತ ಯಂತ್ರಗಳು

ಬಿತ್ತನೆಯ ಕಾಲವು ಸಮೀಪಿಸಿದಾಗ ಅನುಭವಿಯಾದ ಬೇಸಾಯಗಾರನು ಹೊಲದ ಮೇಲ್ಮಣ್ಣಿನ ಬಣ್ಣವನ್ನು ಮಾತ್ರ ನೋಡಿ ತೃಪ್ತನಾಗುವುದಿಲ್ಲ. ಗೇಣುದ್ದ ಅಗೆದು, ಕೆಳಗಿನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು, ಅದು ಉಂಡೆಗಟ್ಟುವುದೋ ಪುಡಿಯಾಗುವುದೋ ಎಂಬುದನ್ನು ಪರೀಕ್ಷಿಸಿ, ಅನಂತರವೇ ಕೂರಿಗೆಯನ್ನು ಹೂಡುವನು. ಮೇಲೆ ಒದ್ದೆಯಾಗಿ ಕಂಡ ನೆಲವು ಕೆಳಗೆ ಒಣಗಿದ್ದರೆ, ಹಾಕಿದ ಬೀಜವು ಮೊಳೆತು ಕಮರಿಹೋಗುವುದೆಂಬುದನ್ನು ಅವನು ಬಲ್ಲನು. ಮುಂಗಾರು ಮಳೆಯ ವಿಚಾರದಲ್ಲಿಯೂ ಇಂತಹುದೇ ಒಂದು ಪರೀಕ್ಷೆಯು ಅವಶ್ಯಕವಾಗಿರುವುದು. ಆದರೆ ಅಲ್ಲಿ ಹದ ನೋಡಬೇಕಾದುದು ಹೊಲದಲ್ಲಲ್ಲ, ಹೊಲದಿಂದ ನೂರಾರು ಮೈಲಿ ದೂರವಿರುವ ಕಡಲಿನಲ್ಲಿ. ಈ ಕಾರ್ಯಕ್ಕಾಗಿ, ಯಾರೂ ಜೊತೆಯಲ್ಲಿಲ್ಲದೆ ತಾವೇ ಮುಳುಗಿ ತಾವೇ ಮೇಲೇಳುವ ಯಂತ್ರಗಳನ್ನು ವಿಜ್ಞಾನಿಗಳು ನಿರ್ಮಿಸಿರುತ್ತಾರೆ. ಇವುಗಳ ಪರಿಚಯವು ಗ್ರಾಮದ ಮುಖಂಡರಿಗೂ ಭೂಮಾಲೀಕರಿಗೂ ಉಪಯುಕ್ತವಾದುದು.

ಕಡಲಿಗೂ ಮಳೆಗೂ ಇರುವ ಸಂಬಂಧ.— ಮಳೆಯ ಮೋಡಗಳಿಗೆ ಬೇಕಾದ ಆವಿಯನ್ನೂ ಕಾವನ್ನೂ ಒದಗಿಸುವುದು ಕಡಲು. ಉಷ್ಣವಲಯದ ಸಮುದ್ರದಲ್ಲಿ ಮೇಲ್ನೀರಿನ ಉಷ್ಣತೆಯು ಸುಮಾರು ೨೮ ಡಿಗ್ರಿ ಸೆಲ್ಸಿಯಸ್ಸನ್ನು ಮೀರಿದಾಗ ದಟ್ಟವಾದ ಮೋಡಗಳು ಏಳಲು ಅನುಕೂಲವಾಗುವುದು. ಬಂಗಾಳ ಕೊಲ್ಲಿಗೆ ಗಂಗಾ, ಬ್ರಹ್ಮಪುತ್ರಾ, ಮಹಾನದಿ, ಗೋದಾವರಿ, ಕೃಷ್ಣಾ ಮೊದಲಾದ ನದಿಗಳು ಸಿಹಿನೀರನ್ನು ತಂದು ಸುರಿಯುತ್ತವೆ. ಮಲೆನಾಡಿನಲ್ಲಿ ಹುಟ್ಟಿದ ತುಂಗೆ ಭದ್ರೆಯರ ನೀರೂ ಕೃಷ್ಣೆಯ ಮೂಲಕ ಅಲ್ಲಿಗೇ ಹೋಗಿ ಸೇರುವುದು. ಸಿಹಿನೀರು ಉಪ್ಪುನೀರಿಗಿಂತ ಹಗುರವಾದುದರಿಂದ ಅದು ಮೇಲೆಯೇ ಹರಡಿಕೊಂಡು, ಕೆಳಗಿನ ತಣ್ಣೀರಿನೊಡನೆ ಬೇಗ ಬೆರೆಯದೆ, ಬಿಸಿಲಿನ ಕಾವನ್ನು ಹಿಡಿದಿಟ್ಟುಕೊಳ್ಳುವುದು. ಮಳೆಗಾಲದಲ್ಲಿಯೂ ಕೊಲ್ಲಿಯು ಬೆಚ್ಚಗೆ ಉಳಿಯುವುದಕ್ಕೆ ಇದು ಒಂದು ಮುಖ್ಯ ಕಾರಣ. ಅಲ್ಲಿ ಹುಟ್ಟುವ ವಾಯುಭಾರ ಕುಸಿತಗಳು ಪಶ್ಚಿಮಕ್ಕೂ ವಾಯವ್ಯಕ್ಕೂ ಸರಿದು ದೇಶದ ಒಳನಾಡಿಗೆ ಮಳೆಯನ್ನು ತರುತ್ತವೆ.

ಆದುದರಿಂದ ಮುಂದಿನ ವಾರಗಳ ಮಳೆಯನ್ನು ಊಹಿಸಬೇಕಾದರೆ ಕಡಲಿನ ಮೇಲ್ಮೈ ಮಾತ್ರವಲ್ಲದೆ, ಅದರ ಕೆಳಗಣ ಪದರಗಳಲ್ಲಿ ಎಷ್ಟು ಕಾವು ಮತ್ತು ಎಷ್ಟು ಉಪ್ಪು ಇದೆಯೆಂಬುದೂ ತಿಳಿದಿರಬೇಕು. ಆಕಾಶದಲ್ಲಿ ಸುತ್ತುವ ಉಪಗ್ರಹಗಳು ನೀರಿನ ತೊಗಲನ್ನು ಮಾತ್ರ ಕಾಣಬಲ್ಲವು. ಹಡಗುಗಳು ಆಳವನ್ನು ಅಳೆಯಬಲ್ಲವಾದರೂ ಅವುಗಳ ವೆಚ್ಚವು ಅಪಾರವಾದುದು. ಮೇಲಾಗಿ ಒಂದು ಸ್ಥಳದಲ್ಲಿ ಅಳೆದು ಮುಂದಕ್ಕೆ ಹೋದ ಹಡಗು ಅಲ್ಲಿಗೆ ಮತ್ತೆ ಬರುವುದು ಯಾವಾಗಲೋ.

ಯಂತ್ರವು ಕೆಲಸ ಮಾಡುವ ಬಗೆ.— ಈ ಕೊರತೆಯನ್ನು ನೀಗಿಸಿದ ಯಂತ್ರಗಳ ಮೂಲತತ್ತ್ವವು ಬಹು ಸರಳವಾದುದು. ಮೀನಿನ ಹೊಟ್ಟೆಯಲ್ಲಿರುವ ಗಾಳಿಚೀಲವನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುವುದು. ಯಂತ್ರದೊಳಗಿನ ಎಣ್ಣೆಯನ್ನು ಹೊರಭಾಗದ ರಬ್ಬರಿನ ಚೀಲಕ್ಕೆ ನೂಕಿದರೆ ಯಂತ್ರದ ತೂಕವು ಹೆಚ್ಚದೆ ಗಾತ್ರವು ಮಾತ್ರ ಹೆಚ್ಚಿ, ಅದು ಮೇಲಕ್ಕೆ ಏಳುವುದು. ಎಣ್ಣೆಯನ್ನು ಒಳಕ್ಕೆ ಬಿಟ್ಟುಕೊಂಡರೆ ಗಾತ್ರವು ಕುಗ್ಗಿ ಮುಳುಗುವುದು.

ಆರ್ಗೋ ಎಂಬ ಅಂತರರಾಷ್ಟ್ರೀಯ ಯೋಜನೆಯ ತೇಲುಯಂತ್ರಗಳು ಈ ತತ್ತ್ವದಿಂದಲೇ ನಡೆಯುತ್ತವೆ. ಇವು ಸಾಮಾನ್ಯವಾಗಿ ೧೦೦೦ ಮೀಟರ್ ಆಳದಲ್ಲಿ ಪ್ರವಾಹದೊಡನೆ ತೇಲುತ್ತಿದ್ದು, ಸುಮಾರು ಹತ್ತು ದಿನಗಳಿಗೊಮ್ಮೆ ೨೦೦೦ ಮೀಟರಿಗೆ ಇಳಿದು, ಅಲ್ಲಿಂದ ಉಷ್ಣತೆ ಮತ್ತು ಉಪ್ಪಿನಂಶಗಳನ್ನು ಅಳೆಯುತ್ತ ಮೇಲೇರಿ ಬಂದು, ಲೆಕ್ಕವನ್ನು ಉಪಗ್ರಹದ ಮೂಲಕ ಒಪ್ಪಿಸಿ, ಪುನಃ ಮುಳುಗುತ್ತವೆ. ರೇಡಿಯೋ ಅಲೆಗಳು ಉಪ್ಪುನೀರನ್ನು ದಾಟಲಾರವಾದುದರಿಂದ ಆಳದಲ್ಲಿರುವಾಗ ಯಂತ್ರಕ್ಕೆ ಯಾರ ಆಜ್ಞೆಯೂ ತಲುಪದು. ಅದು ತನ್ನ ಕೆಲಸವನ್ನು ತಾನೇ ನಿರ್ವಹಿಸಿಕೊಳ್ಳಬೇಕು. ೨೦೦೭ನೆಯ ವರ್ಷದ ನವೆಂಬರಿನಲ್ಲಿ ಇವುಗಳ ಸಂಖ್ಯೆ ೩೦೦೦ವನ್ನು ಮುಟ್ಟಿತು. ಈಗ ಪ್ರಪಂಚದ ಸಾಗರಗಳಲ್ಲಿ ೪೦೦೦ದಷ್ಟು ಇರುವುವು. ಇವುಗಳು ಕಳುಹಿಸಿದ ಅಳತೆಗಳು ಯಾವ ಶುಲ್ಕವೂ ಇಲ್ಲದೆ ಸರ್ವ ದೇಶಗಳಿಗೂ ದೊರೆಯುತ್ತವೆ. ಭಾರತದಲ್ಲಿ ಈ ಕಾರ್ಯವನ್ನು ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ನೋಡಿಕೊಳ್ಳುತ್ತಿದೆ.

ಜಾರುಯಂತ್ರವು ಹುಟ್ಟಿದ ಕಥೆ.— ತೇಲುಯಂತ್ರವು ಪ್ರವಾಹವು ಒಯ್ದ ಕಡೆಗೆ ಹೋಗುವುದು. ಬೇಕಾದ ದಿಕ್ಕಿಗೆ ತಾನೇ ಸಾಗುವ ಯಂತ್ರವು ದೊರೆಯಬಾರದೇಕೆಂದು ಅಮೆರಿಕಾ ದೇಶದ ಸಮುದ್ರವಿಜ್ಞಾನಿ ಹೆನ್ರಿ ಸ್ಟಾಮೆಲ್ ಅವರೂ ಇಂಜಿನಿಯರ್ ಡಗ್ಲಸ್ ವೆಬ್ ಅವರೂ ಆಲೋಚಿಸಿದರು. ಸ್ಟಾಮೆಲ್ ಅವರು ೧೯೮೯ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ೨೦೨೧ನೆಯ ವರ್ಷದಲ್ಲಿ ಇಂತಹ ಯಂತ್ರಗಳ ಪಡೆಯು ಸಾಗರಗಳನ್ನೆಲ್ಲ ಸಂಚರಿಸುತ್ತಿರುವುದಾಗಿ ಕಲ್ಪಿಸಿ ಬರೆದರು. ಒಬ್ಬಂಟಿಗನಾಗಿ ಹಾಯಿದೋಣಿಯಲ್ಲಿ ೧೮೯೫ರಿಂದ ೧೮೯೮ರವರೆಗೆ ಭೂಪ್ರದಕ್ಷಿಣೆ ಮಾಡಿದ ಜೋಷುವಾ ಸ್ಲೋಕಮ್ ಎಂಬ ನಾವಿಕನ ಹೆಸರನ್ನೇ ಯಂತ್ರಕ್ಕೆ ಇಡಲಾಯಿತು. ಸ್ಟಾಮೆಲ್ ಅವರು ೧೯೯೨ರಲ್ಲಿ ಕಾಲವಾದರು. ತಮ್ಮ ಕಲ್ಪನೆಯು ಪೂರ್ಣವಾಗಿ ಕೈಗೂಡಿದುದನ್ನು ಅವರು ಕಾಣಲಿಲ್ಲ.

ಜಾರುಯಂತ್ರಕ್ಕೆ ತಿರುಗುವ ಚಕ್ರವಿಲ್ಲದಿದ್ದರೂ ಎರಡು ರೆಕ್ಕೆಗಳಿರುವುವು. ಮುಳುಗುವಾಗಲೂ ಏಳುವಾಗಲೂ ರೆಕ್ಕೆಗಳು ನೀರನ್ನು ಓರೆಯಾಗಿ ಸೀಳುವುದರಿಂದ ಅದು ಗರಗಸದ ಹಲ್ಲಿನಂತೆ ಮೇಲೆ ಕೆಳಗೆ ಸಾಗುತ್ತ ಮುಂದುವರಿಯುವುದು. ಒಂದು ಲೀಟರಿಗೂ ಕಡಿಮೆಯಾದ ಗಾತ್ರದ ಬದಲಾವಣೆಯಿಂದಲೇ ಈ ನಡಿಗೆಯೆಲ್ಲವೂ ಸಾಧ್ಯವಾಗುವುದು. ವೇಗವು ಗಂಟೆಗೆ ಸುಮಾರು ಒಂದು ಕಿಲೋಮೀಟರು ಮಾತ್ರ. ನೇಗಿಲು ಎಳೆಯುವ ಎತ್ತುಗಳು ಇದಕ್ಕಿಂತ ಬೇಗ ನಡೆಯುತ್ತವೆ. ಆದರೆ ಎತ್ತಿಗೆ ಸಂಜೆಯಾದರೆ ವಿಶ್ರಾಂತಿಯುಂಟು, ಈ ಯಂತ್ರವು ಹಗಲಿರುಳೂ ತಿಂಗಳುಗಟ್ಟಲೆ ದುಡಿಯಬಲ್ಲುದು.

ಒಂದು ಸೋಲು, ಒಂದು ಗೆಲುವು.— ಇಂತಹ ಯಂತ್ರವು ಒಂದು ಮಹಾಸಾಗರವನ್ನೇ ದಾಟಬಲ್ಲುದೇ ಎಂಬ ಪ್ರಶ್ನೆಯನ್ನು ನ್ಯೂಜೆರ್ಸಿ ಪ್ರಾಂತದ ರಟ್ಗರ್ಸ್ ವಿಶ್ವವಿದ್ಯಾನಿಲಯದವರು ಕೈಗೆತ್ತಿಕೊಂಡರು. ೨೦೦೮ರಲ್ಲಿ ಅವರು ಅಟ್ಲಾಂಟಿಕ್ ಸಾಗರಕ್ಕೆ ಬಿಟ್ಟ ಯಂತ್ರವು ಬಹುದೂರ ಸಾಗಿ, ಆ ವರ್ಷವೇ ನಡುದಾರಿಯಲ್ಲಿ ಸುದ್ದಿ ನಿಂತುಹೋಗಿ, ಮತ್ತೆ ದೊರೆಯಲೇ ಇಲ್ಲ. ಬೆಳೆ ಹೋದ ವರ್ಷದ ಮರುವರ್ಷವೂ ರೈತನು ಬೀಜವನ್ನು ಸಿದ್ಧಪಡಿಸುವಂತೆ, ಅಧ್ಯಾಪಕರೂ ವಿದ್ಯಾರ್ಥಿಗಳೂ ಸೇರಿ ಇನ್ನೊಂದು ಯಂತ್ರವನ್ನು ಸಿದ್ಧಮಾಡಿ, ೨೦೦೯ರ ಏಪ್ರಿಲ್ ೨೭ರಂದು ನ್ಯೂಜೆರ್ಸಿಯ ತೀರದಿಂದ ಬಿಟ್ಟರು. ನಡುಬೇಸಗೆಯಲ್ಲಿ ಚಿಪ್ಪುಹುಳುಗಳು ಮೈಗೆ ಅಂಟಿ ಬೆಳೆದು, ಕಳೆಯಿಂದ ತುಂಬಿದ ಪೈರಿನಂತೆ ಯಂತ್ರವು ಸೊರಗಿ ನಿಧಾನವಾಯಿತು. ಅಜೋರ್ಸ್ ದ್ವೀಪಗಳ ಬಳಿ ಮುಳುಗುಗಾರರು ನೀರಿಗಿಳಿದು ಅವನ್ನು ಕೆರೆದು ತೆಗೆದರು. ಹೊರಟ ೨೨೧ನೆಯ ದಿನ, ಡಿಸೆಂಬರ್ ೪ರಂದು, ಸುಮಾರು ೭೪೦೦ ಕಿಲೋಮೀಟರುಗಳ ಪ್ರಯಾಣವನ್ನು ಮುಗಿಸಿದ ಯಂತ್ರವು ಸ್ಪೇನ್ ದೇಶದ ತೀರದ ಬಳಿ ಸುರಕ್ಷಿತವಾಗಿ ಕೈಸೇರಿತು.

ಬಂಗಾಳ ಕೊಲ್ಲಿಯಲ್ಲಿ ನಡೆದ ಪರಿಶೋಧನೆ.— ಈ ದೇಶದ ಮುಂಗಾರಿಗೆ ನೇರವಾಗಿ ಸಂಬಂಧಿಸಿದ ಪರಿಶೋಧನೆಯೊಂದು ೨೦೧೬ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಪಿ. ಎನ್. ವಿನಯಚಂದ್ರನ್ ಅವರೂ ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳೂ ಒಡಗೂಡಿ, ‘ಸಿಂಧು ಸಾಧನ’ ಎಂಬ ಹಡಗಿನಲ್ಲಿ ಕೊಲ್ಲಿಯ ದಕ್ಷಿಣ ಭಾಗಕ್ಕೆ ಹೋಗಿ, ಉತ್ತರ ಅಕ್ಷಾಂಶ ೮ ಡಿಗ್ರಿಯ ಸಾಲಿನಲ್ಲಿ ಹಲವು ಜಾರುಯಂತ್ರಗಳನ್ನು ಇಳಿಬಿಟ್ಟರು. ಅರಬ್ಬೀ ಸಮುದ್ರದ ಹೆಚ್ಚು ಉಪ್ಪಿನ ನೀರು ಸಿಂಹಳದ ದಕ್ಷಿಣವನ್ನು ಬಳಸಿ ಕೊಲ್ಲಿಯೊಳಗೆ ನುಗ್ಗಿ, ಸಿಹಿಪದರದ ಕೆಳಗೆ ಹರಿಯುವ ಬಗೆಯನ್ನು ಯಂತ್ರಗಳು ಅಳೆದುವು. ಅಲ್ಲಿ ಮಳೆಯು ಬಿಡುವು ಕೊಟ್ಟಿದ್ದ ದಿನಗಳಲ್ಲಿ ತೆಳುವಾದ ಮೇಲ್ಪದರವು ಬಿಸಿಲಿನಿಂದ ಕಾವೇರುತ್ತ ಬಂದು, ಅನಂತರ ಮೋಡಗಳು ಪುನಃ ಬಲಗೊಂಡ ಕ್ರಮವು ಅಳತೆಗೆ ಸಿಕ್ಕಿತು. ಬಿತ್ತಿದ ಮೇಲೆ ಮಳೆಯು ಎರಡು ಮೂರು ವಾರ ಕಣ್ಮರೆಯಾಗುವ ಸಂಕಟವನ್ನು ಬಲ್ಲವರಿಗೆ ಈ ತಿಳಿವಳಿಕೆಯ ಬೆಲೆಯನ್ನು ವಿವರಿಸಬೇಕಾದುದಿಲ್ಲ.

ಇತರ ಉಪಯೋಗ.— ಜಾರುಯಂತ್ರಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೂ ಅಳೆಯಬಲ್ಲವು. ಹಡಗುಗಳು ಹೋಗಲು ಹಿಂಜರಿಯುತ್ತಿದ್ದ ಓಮಾನ್ ಕೊಲ್ಲಿಯಲ್ಲಿ ಇಂತಹ ಯಂತ್ರಗಳನ್ನು ಬಿಟ್ಟು ನೋಡಿದಾಗ, ವಿಶಾಲವಾದ ಪ್ರದೇಶದಲ್ಲಿ ಆಮ್ಲಜನಕವು ಬಹುಮಟ್ಟಿಗೆ ಇಲ್ಲವೇ ಇಲ್ಲವೆಂಬುದು ತಿಳಿದುಬಂದು, ೨೦೧೮ರಲ್ಲಿ ಪ್ರಕಟವಾಯಿತು. ಮೀನುಗಾರಿಕೆಯನ್ನು ನಂಬಿದವರಿಗೆ ಇದು ಎಚ್ಚರಿಕೆಯ ಸಂಗತಿ.

ಗ್ರಾಮಸ್ಥರು ಗಮನಿಸಬೇಕಾದ ಅಂಶಗಳು.— ಇಷ್ಟರಿಂದ, ಯಂತ್ರವು ಮಳೆಯನ್ನು ತರುವುದೆಂದಾಗಲಿ, ಇಂಥ ಹೋಬಳಿಗೆ ಇಂಥ ದಿನ ಮಳೆಯಾಗುವುದೆಂದು ಹೇಳುವುದೆಂದಾಗಲಿ ಯಾರೂ ಭಾವಿಸಬಾರದು. ಅದು ಒದಗಿಸುವುದು ಅಳತೆಯನ್ನು ಮಾತ್ರ. ಆ ಅಳತೆಗಳು ಕಡಲು ಮತ್ತು ವಾಯುಮಂಡಲಗಳನ್ನು ಜೊತೆಯಾಗಿ ಲೆಕ್ಕ ಹಾಕುವ ಗಣಿತಕ್ರಮಗಳಿಗೆ ಆಧಾರವಾಗುತ್ತವೆ. ೨೦೧೨ರಲ್ಲಿ ಆರಂಭವಾದ ರಾಷ್ಟ್ರೀಯ ಮಾನ್ಸೂನ್ ಯೋಜನೆಯಲ್ಲಿ ಈ ಕ್ರಮಗಳನ್ನು ಬೆಳೆಸಲಾಯಿತು. ಇವುಗಳ ನೆರವಿನಿಂದ ಹವಾಮಾನ ಇಲಾಖೆಯವರು ಏಪ್ರಿಲ್ ತಿಂಗಳಿನಲ್ಲಿ ಒಮ್ಮೆಯೂ ಮುಂಗಾರಿನ ಹೊಸ್ತಿಲಲ್ಲಿ ಮತ್ತೊಮ್ಮೆಯೂ ಮುನ್ಸೂಚನೆಯನ್ನು ಪ್ರಕಟಿಸುತ್ತಾರೆ. ಅದು ವಿಶಾಲವಾದ ಪ್ರದೇಶಕ್ಕೆ ಅನ್ವಯಿಸುವುದು. ಒಂದು ಹೊಲದ ಹದವನ್ನು ನೋಡುವ ಭಾರವು ಎಂದಿನಂತೆ ರೈತನ ಮೇಲೆಯೇ ಇರುವುದು. ಮುನ್ಸೂಚನೆಯು ಕೊರತೆಯನ್ನು ಹೇಳಿದ ವರ್ಷ ಬೀಜವನ್ನೆಲ್ಲ ಒಂದೇ ಸಲ ಬಿತ್ತದೆ ಒಂದು ಭಾಗವನ್ನು ಉಳಿಸಿಕೊಳ್ಳುವುದೂ, ಅಲ್ಪಾವಧಿಯ ತಳಿಗಳನ್ನು ಆರಿಸಿಕೊಳ್ಳುವುದೂ ವಿವೇಕದ ಮಾರ್ಗ.

ಕೊನೆಯದಾಗಿ, ಕಡಲಿನಲ್ಲಿರುವ ಯಂತ್ರಕ್ಕೆ ಕಾವಲುಗಾರನಿಲ್ಲ. ಆದರೆ ಈ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಸ್ಥಾಪಿತವಾಗಿರುವ ಸ್ವಯಂಚಾಲಿತ ಮಳೆಮಾಪಕಗಳಿಗೆ ಊರಿನ ಹಿರಿಯರೇ ಕಾವಲು. ಅವುಗಳ ಬಳಿ ಬಣವೆಗಳನ್ನು ಒಟ್ಟದಂತೆಯೂ, ಮರಗಳು ಮೇಲೆ ಬಾಗದಂತೆಯೂ, ದನಗಳನ್ನು ಕಟ್ಟದಂತೆಯೂ ನೋಡಿಕೊಳ್ಳುವುದು ಅವರ ಕರ್ತವ್ಯ. ದೂರದ ಕಡಲಿನ ಅಳತೆಯೂ ಊರ ಮುಂದಿನ ಅಳತೆಯೂ ಸರಿಯಾಗಿ ಕೂಡಿದಾಗಲೇ ಮಳೆಯ ಲೆಕ್ಕವು ವರ್ಷದಿಂದ ವರ್ಷಕ್ಕೆ ನಂಬಿಕೆಗೆ ಅರ್ಹವಾಗುತ್ತ ಬರುವುದು.