ಉಪವಾಸ, ಸಕ್ಕರೆ ಕಾಯಿಲೆ ಮತ್ತು ನೆನಪಿನ ಶಕ್ತಿ



ಕೆಲವು ವರ್ಷಗಳ ಹಿಂದೆ ಶುಭಶುಕ್ರವಾರದ ಶಿಲುಬೆಹಾದಿಯ ನಡುವೆ ಅಜ್ಜಿಯೊಬ್ಬರು ತಮ್ಮ ಮಗನನ್ನೇ "ನೀವ್ಯಾರು?" ಎಂದು ಕೇಳಿದರು. ಮೈಯೆಲ್ಲಾ ಬೆವರು. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ್ದರು, ಉಪವಾಸವೆಂದು ಏನೂ ತಿಂದಿರಲಿಲ್ಲ. ಸಕ್ಕರೆ ನೀರು ಕುಡಿಸಿದ ಕಾಲು ಗಂಟೆಯಲ್ಲಿ ಮಗನ ಹೆಸರು ನೆನಪಾಯಿತು. ನಮಗೆ ಅಳುಕಾಯಿತು. ಉಪವಾಸ ಮಾಡಿ ಎಂದು ಬೋಧಿಸಿದವರು ನಾವೇ ಅಲ್ಲವೇ?

ನಮ್ಮ ಮೆದುಳು ದೇಹದ ತೂಕದಲ್ಲಿ ಶೇಕಡಾ 2ರಷ್ಟೇ ಇದ್ದರೂ ದೇಹದ ಶಕ್ತಿಯಲ್ಲಿ ಸುಮಾರು ಶೇಕಡಾ 20ರಷ್ಟನ್ನು ಬಳಸುತ್ತದೆ. ಅದರ ಮುಖ್ಯ ಆಹಾರ ರಕ್ತದಲ್ಲಿನ ಸಕ್ಕರೆ. ಇನ್ಸುಲಿನ್ ಮತ್ತು ಕೆಲವು ಮಾತ್ರೆಗಳು ನಾವು ಊಟ ಮಾಡದಿದ್ದರೂ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. 70ಕ್ಕಿಂತ ಕೆಳಗಿಳಿದರೆ ನಡುಕ, ಬೆವರು. ಇನ್ನೂ ಇಳಿದರೆ ಗೊಂದಲ, ಮೂರ್ಛೆ. ಕ್ಯಾಲಿಫೋರ್ನಿಯಾದ 16,667 ಹಿರಿಯ ಮಧುಮೇಹಿಗಳ ಕುರಿತ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಹೀಗೆ ಸಕ್ಕರೆ ಕುಸಿದು ಆಸ್ಪತ್ರೆ ಸೇರಿದ್ದವರಲ್ಲಿ ಮುಂದೆ ಮರೆಗುಳಿ ರೋಗ ಹೆಚ್ಚಾಗಿ ಕಂಡುಬಂದಿತ್ತು. ಕಾರಣ ಇದೊಂದೇ ಎಂದು ಅದು ಸಾಬೀತುಪಡಿಸದಿದ್ದರೂ ಎಚ್ಚರ ವಹಿಸಲು ಅಷ್ಟು ಸಾಕು.

ಹಾಗೆಂದು ಸಕ್ಕರೆ ಏರಿಯೇ ಇರಲಿ ಎನ್ನುವಂತಿಲ್ಲ. ವರ್ಷಗಟ್ಟಲೆ ಏರಿದ್ದರೆ ಮೆದುಳಿನ ಸಣ್ಣ ರಕ್ತನಾಳಗಳು ಕೆಡುತ್ತವೆ, ನೆನಪು ನಿಧಾನವಾಗಿ ಮಸುಕಾಗುತ್ತದೆ. ಹಗಲೆಲ್ಲಾ ಹಸಿದಿದ್ದು ಸಂಜೆ ತಟ್ಟೆ ತುಂಬ ಅನ್ನ ಉಣ್ಣುವುದು ಎರಡು ಬಗೆಯಲ್ಲೂ ಕೆಟ್ಟದ್ದು. ಅನ್ನ ಸ್ವಲ್ಪ, ಸೊಪ್ಪು, ಕಾಳು, ಮೀನು ಹೆಚ್ಚು, ಅದೂ ಹೊತ್ತು ಹೊತ್ತಿಗೆ. (ರಾಗಿ ಮುದ್ದೆಯಾದರೆ ಎಷ್ಟಾದರೂ ತಿನ್ನಬಹುದೆಂಬ ನಂಬಿಕೆ ನಮ್ಮಲ್ಲಿದೆ, ಅಳತೆ ಮೀರಿದರೆ ಅದೂ ಸಕ್ಕರೆ ಏರಿಸುತ್ತದೆ.) ಬಹುಕಾಲ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಬಿ12 ಜೀವಸತ್ವ ಕಡಿಮೆಯಾಗಬಹುದು. ಅದರಿಂದಲೂ ಮರೆವು ಬರುತ್ತದೆ. ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ, ಚಿಕಿತ್ಸೆಯೂ ಸುಲಭ.

ಇನ್ನು ಧರ್ಮಸಭೆಯ ಕಟ್ಟಳೆ. 1983ರ ಕಾನೂನು ಸಂಹಿತೆಯ ಪ್ರಕಾರ 59 ವರ್ಷ ತುಂಬಿದವರಿಗೆ ಉಪವಾಸದ ಕಡ್ಡಾಯವೇ ಇಲ್ಲ. ರೋಗಿಗಳಿಗಂತೂ ಯಾವ ವಯಸ್ಸಿನಲ್ಲೂ ವಿನಾಯಿತಿ ಇದೆ. ಯಾಯೀರನ ಮಗಳನ್ನು ಎಬ್ಬಿಸಿದ ಪ್ರಭು ಯೇಸು, ಅವಳಿಗೆ ಊಟ ಕೊಡಿ ಎಂದು ಹೇಳಲು ಮರೆಯಲಿಲ್ಲ. ಉಪವಾಸ ಮಾಡಲೇಬೇಕೆಂಬ ಮನಸ್ಸಿದ್ದರೆ ಮೊದಲು ವೈದ್ಯರನ್ನು ಕೇಳಿ. ಮಾತ್ರೆಯ ಪ್ರಮಾಣವನ್ನು ನೀವಾಗಿಯೇ ಬದಲಿಸಬೇಡಿ. ಬೆವರು, ಗೊಂದಲ ಕಂಡರೆ ಮೂರು ಚಮಚ ಸಕ್ಕರೆ ಕಲಸಿದ ನೀರು ಕುಡಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

"ಸ್ವಾಮಿ, ಶುಭಶುಕ್ರವಾರ ತಿಂದರೆ ಪಾಪ ಅಲ್ಲವಾ?" ಎಂದು ಆ ಅಜ್ಜಿ ಮೂರು ಬಾರಿ ಕೇಳಿದರು. ಮೂರು ಬಾರಿಯೂ ಅಲ್ಲವೆಂದೆವು. ಈಗ ಗಂಜಿ ಕುಡಿದೇ ಶಿಲುಬೆಹಾದಿಗೆ ಬರುತ್ತಾರೆ. ಜಪಸರದ ಚೀಲದಲ್ಲಿ ಸಕ್ಕರೆಯ ಪೊಟ್ಟಣವೂ ಇರುತ್ತದೆ.