ಹನ್ನೆರಡನೇ ಪಿನ್ನಿಗೆ ಕಟ್ಟಿದ ಮಳೆ

ಕೊಡಗಿನ ಕಾಫಿ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು, ಸೆಂಟುಗಳಲ್ಲೇ ಅಳೆಯುತ್ತಾರೆ. ನೂರು ಸೆಂಟಿಗೆ ಒಂದು ಇಂಚು. "ನಿಮ್ಮಲ್ಲಿ ಎಷ್ಟು ಬಿತ್ತು?" "ಒಂದು ಇಂಚು ಇಪ್ಪತ್ತು." ಮಾರ್ಚ್ ತಿಂಗಳಲ್ಲಿ ವಿರಾಜಪೇಟೆಯಿಂದ ಸೋಮವಾರಪೇಟೆಯ ತನಕ ಫೋನುಗಳಲ್ಲಿ ಓಡಾಡುವ ಮಾತು ಇದು. ರೊಬಸ್ಟಾ ಮೊಗ್ಗು ಬಿರಿಯಲು ಹೂಮಳೆ ಬೇಕು, ಆ ಹೂ ಕಾಯಿ ಕಚ್ಚಲು ಕೆಲವು ವಾರಗಳೊಳಗೆ ಇನ್ನೊಂದು ಹದ ಮಳೆ ಬೇಕು. ವರ್ಷದ ಫಸಲು ನಿಂತಿರುವುದೇ ಈ ಸೆಂಟುಗಳ ಮೇಲೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಲಿನ ಗುಡ್ಡಗಳು ಜಾರಿದವು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು. ಅಂದಿನಿಂದ ಮಳೆಗಾಲದ ರಾತ್ರಿಗಳಲ್ಲೂ ಜನ ಲೆಕ್ಕ ನೋಡುತ್ತಾರೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇಟ್ಟಿರುವ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಆದರೂ ಪಂಚಾಯಿತಿಯ ಮಳೆಯೇ ಬೇರೆ, ಗುಡ್ಡದ ಆಚೆಗಿನ ನಮ್ಮ ತೋಟದ ಮಳೆಯೇ ಬೇರೆ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ತೋಟಕ್ಕೊಂದು ತಂತಿಯಿಲ್ಲದ ಮಳೆಮಾಪಕ ಮಾಡಿಕೊಳ್ಳುವ ಆಸೆ ಹುಟ್ಟುವುದೇ ಅಲ್ಲಿಂದ.

ಮಾಪಕದ ಯಂತ್ರಭಾಗ ಸರಳ. ಕೊಳವೆಯಿಂದ ಇಳಿದ ನೀರು ಏತದಂತೆ ತೂಗುವ ಎರಡು ಪುಟ್ಟ ಬೋಗುಣಿಗಳಲ್ಲಿ ಒಂದಕ್ಕೆ ಬೀಳುತ್ತದೆ. ಅದು ತುಂಬಿದೊಡನೆ ಮಗುಚಿಕೊಂಡು ಖಾಲಿಯಾಗುತ್ತದೆ, ಇನ್ನೊಂದು ಮೇಲೆ ಬರುತ್ತದೆ. 0.01 ಇಂಚಿನ ಅಳತೆಯ ಮಾಪಕದಲ್ಲಿ ಒಂದು ಮಗುಚಿಗೆ ಸರಿಯಾಗಿ ಒಂದು ಸೆಂಟು. ನಮ್ಮ ಬೆಳೆಗಾರರ ಲೆಕ್ಕಕ್ಕೆಂದೇ ಮಾಡಿದಂತಿದೆ. ಬೋಗುಣಿಗೆ ಅಂಟಿಸಿದ ಅಯಸ್ಕಾಂತ ಹಾದುಹೋಗುವಾಗ ಗಾಜಿನ ನಳಿಕೆಯೊಳಗಿನ ರೀಡ್ ಸ್ವಿಚ್ ಕ್ಷಣಕಾಲ ಮುಚ್ಚಿ ತೆರೆಯುತ್ತದೆ. ಅದನ್ನು ಎಣಿಸಿ ವೈಫೈ ಮೂಲಕ ಮನೆಗೆ ಕಳಿಸಬೇಕಾದದ್ದು ಒಂದು ಬೋರ್ಡು. ಹೆಚ್ಚಿನವರು ಕೊಳ್ಳುವುದು ಶಾಂಘೈನ ಎಸ್‌ಪ್ರೆಸಿಫ್ ಕಂಪನಿ 2016ರಲ್ಲಿ ಹೊರತಂದ ಇಎಸ್‌ಪಿ32. ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಮನೆಯ ಮೇಜಿನ ಮೇಲೆ ಬೋರ್ಡು ಚೆನ್ನಾಗಿ ಕೆಲಸ ಮಾಡುತ್ತದೆ. ಪ್ರೋಗ್ರಾಂ ಏರುತ್ತದೆ, ದೀಪ ಮಿನುಗುತ್ತದೆ. ಮಾಪಕದ ತಂತಿ ಜೋಡಿಸಿದ ಕೂಡಲೇ ಸತ್ತಂತೆ ಕೂರುತ್ತದೆ. ಬಿಚ್ಚಿದರೆ ಬದುಕುತ್ತದೆ. ಇಂಥ ಕಡೆ ಬಹಳ ಜನ ಬೋರ್ಡೇ ಕೆಟ್ಟಿದೆ ಎಂದು ಇನ್ನೊಂದು ತರಿಸುತ್ತಾರೆ. ಹೊಸದೂ ಹಾಗೇ ಮಾಡುತ್ತದೆ. ಯಾಕೆಂದು ತಿಳಿಯಲು ಈ ಚಿಪ್ಪು ಎಚ್ಚರಗೊಳ್ಳುವ ರೀತಿಯನ್ನು ಸ್ವಲ್ಪ ನೋಡಬೇಕು.

ಕರೆಂಟು ಬಂದ ಕ್ಷಣ ಚಿಪ್ಪು ತನ್ನ ಕೆಲವು ಪಿನ್ನುಗಳ ಕಡೆ ಒಮ್ಮೆ ಕಣ್ಣಾಡಿಸುತ್ತದೆ. 0, 2, 5, 12, 15 ಎಂಬ ಈ ಐದು ಪಿನ್ನುಗಳಲ್ಲಿ ಆಗ ವಿದ್ಯುತ್ ಮಟ್ಟ ಮೇಲಿತ್ತೋ ಕೆಳಗಿತ್ತೋ ಎಂಬುದರ ಮೇಲೆ ಮುಂದಿನ ನಡೆ ನಿಂತಿದೆ. ಸೊನ್ನೆಯ ಪಿನ್ನು ಮೇಲಿದ್ದರೆ ಫ್ಲ್ಯಾಶ್ ಸ್ಮೃತಿಯಲ್ಲಿ ಬರೆದಿಟ್ಟ ಪ್ರೋಗ್ರಾಂ ಓಡುತ್ತದೆ. ಕೆಳಗಿದ್ದರೆ ಹೊಸ ಪ್ರೋಗ್ರಾಂ ಬರಲಿ ಎಂದು ಚಿಪ್ಪು ಕಾಯುತ್ತದೆ. ಕಂಪ್ಯೂಟರಿನಿಂದ ಪ್ರೋಗ್ರಾಂ ಏರಿಸುವಾಗ ಬೋರ್ಡಿನ ಮೇಲಿರುವ ಎರಡು ಟ್ರಾನ್ಸಿಸ್ಟರುಗಳು ಸೊನ್ನೆಯ ಪಿನ್ನನ್ನು ಕೆಳಗೆಳೆದು, ಚಿಪ್ಪನ್ನು ರೀಸೆಟ್ ಮಾಡಿ ಬಿಡುತ್ತವೆ. ಈ ಎರಡು ಕೆಲಸಗಳ ಹೊಂದಾಣಿಕೆ ಕೆಲವು ಬೋರ್ಡುಗಳಲ್ಲಿ ಕೂದಲೆಳೆಯಷ್ಟು ತಪ್ಪುತ್ತದೆ. ಆಗ ಕಂಪ್ಯೂಟರು ಉತ್ತರಕ್ಕೆ ಕಾದು ಸಮಯ ಮೀರಿತೆಂದು ದೂರುತ್ತದೆ. ಬೂಟ್ ಗುಂಡಿಯನ್ನು ಬೆರಳಲ್ಲಿ ಒತ್ತಿ ಹಿಡಿದರೆ ಕೆಲಸ ಆಗುತ್ತದೆ. ರೀಸೆಟ್ ಪಿನ್ನಿಗೂ ಗ್ರೌಂಡಿಗೂ ನಡುವೆ ಒಂದು ಕೆಪಾಸಿಟರ್ ಬೆಸೆದರೆ ಬಹಳಷ್ಟು ಸಲ ಬೆರಳೂ ಬೇಕಾಗುವುದಿಲ್ಲ. ಕಂಪ್ಯೂಟರಿಗೆ ಪೋರ್ಟೇ ಕಾಣದಿದ್ದರೆ ದೋಷ ಚಿಪ್ಪಿನ ತನಕ ಹೋಗಿಯೇ ಇಲ್ಲ. ಮೊಬೈಲ್ ಚಾರ್ಜ್ ಮಾಡಲು ಮಾತ್ರ ಬರುವ ಕೇಬಲ್ ಹಾಕಿರುತ್ತೇವೆ, ಅದರಲ್ಲಿ ಮಾಹಿತಿ ಸಾಗಿಸುವ ತಂತಿಗಳೇ ಇರುವುದಿಲ್ಲ.

ನಮ್ಮ ಮಳೆಮಾಪಕದ ರೋಗ ಇರುವುದು ಹನ್ನೆರಡನೇ ಪಿನ್ನಿನಲ್ಲಿ. ಫ್ಲ್ಯಾಶ್ ಚಿಪ್ಪಿಗೆ ಎಷ್ಟು ವೋಲ್ಟ್ ಕೊಡಬೇಕೆಂದು ಇಎಸ್‌ಪಿ32 ಕೇಳಿ ತಿಳಿಯುವುದು ಈ ಪಿನ್ನನ್ನೇ. ಅದು ಕೆಳಗಿದ್ದರೆ 3.3 ವೋಲ್ಟ್, ಮೇಲಿದ್ದರೆ 1.8. ನಮ್ಮ ಕೈಗೆ ಬರುವ ಸಾಮಾನ್ಯ ಬೋರ್ಡುಗಳ ಫ್ಲ್ಯಾಶಿಗೆ ಬೇಕಾದದ್ದು 3.3. ರೀಡ್ ಸ್ವಿಚ್ಚನ್ನು ಓದಲು ತಂತಿಯನ್ನು 10 ಕಿಲೋ ಓಮಿನ ರೆಸಿಸ್ಟರ್ ಮೂಲಕ ಮೇಲಕ್ಕೆ ಎಳೆದು ಕಟ್ಟುವುದು ಎಲ್ಲರೂ ಮಾಡುವ, ತಪ್ಪೇನೂ ಇಲ್ಲದ ಕ್ರಮ. ಅದೇ ತಂತಿ ಹನ್ನೆರಡಕ್ಕೆ ಬಿದ್ದರೆ ಚಿಪ್ಪು ಏಳುವ ಹೊತ್ತಿಗೆ ಪಿನ್ನು ಮೇಲಿರುತ್ತದೆ. ಫ್ಲ್ಯಾಶಿಗೆ 1.8 ವೋಲ್ಟ್ ಹೋಗುತ್ತದೆ. ಅರೆಹೊಟ್ಟೆಯಲ್ಲಿ ಅದು ಓದುವುದೂ ಇಲ್ಲ, ಬರೆಸಿಕೊಳ್ಳುವುದೂ ಇಲ್ಲ. ಪ್ರೋಗ್ರಾಂ ಏರಿಸಲು ಹೋದರೆ ಕಳಿಸಿದ್ದಕ್ಕೂ ಬರೆದದ್ದಕ್ಕೂ ತಾಳೆ ಇಲ್ಲವೆಂಬ ದೋಷ ಬರುತ್ತದೆ, ಓಡಿಸಲು ಹೋದರೆ ಫ್ಲ್ಯಾಶ್ ಓದಲಾಗಲಿಲ್ಲವೆಂಬ ದೋಷ.

ನನ್ನನ್ನು ಅತ್ಯಂತ ಸೆಳೆಯುವ ಸಂಗತಿ ಇಲ್ಲಿದೆ: ಚಿಪ್ಪು ಇದನ್ನು ಮುಚ್ಚಿಡುವುದಿಲ್ಲ. ಪ್ರತಿ ಸಲ ಏಳುವಾಗಲೂ ಸೀರಿಯಲ್ ತಂತಿಯಲ್ಲಿ, ಸೆಕೆಂಡಿಗೆ 115200 ಬಿಟ್ ವೇಗದಲ್ಲಿ, ತಾನು ಕಂಡ ಪಿನ್ನುಗಳ ಸ್ಥಿತಿಯನ್ನು ಒಂದು ಸಂಖ್ಯೆಯಾಗಿ ಹೇಳುತ್ತದೆ. ಆ ಸಾಲಿನಲ್ಲಿ ಬೂಟ್ ಎಂಬ ಪದದ ಮುಂದೆ ಇರುವ, ಹದಿನಾರರ ಎಣಿಕೆಯ ಸಂಖ್ಯೆ ಅದು. ಎಲ್ಲವೂ ಸರಿಯಿದ್ದಾಗ ಸಾಮಾನ್ಯವಾಗಿ 13 ಎಂದಿರುತ್ತದೆ. ಪಿನ್ನು ಸೊನ್ನೆಯ ಪಾಲು 10, ಹದಿನೈದರದ್ದು 2, ಐದರದ್ದು 1. ಹನ್ನೆರಡನೇ ಪಿನ್ನಿನ ಪಾಲು 20. ಮಾಪಕ ಜೋಡಿಸಿದ ಮೇಲೆ 13 ಇದ್ದದ್ದು 33 ಆಗಿದೆಯೇ? ಹಾಗಾದರೆ ಹನ್ನೆರಡನ್ನು ಯಾರೋ ಮೇಲಕ್ಕೆ ಎಳೆದಿದ್ದಾರೆ. ಬರೀ 3 ಇದೆಯೇ? ಸೊನ್ನೆಯ ಪಿನ್ನು ಕೆಳಗಿದೆ, ಚಿಪ್ಪು ಹೊಸ ಪ್ರೋಗ್ರಾಮಿಗೆ ಕಾಯುತ್ತಿದೆ. ಸೊನ್ನೆಯ ಪಿನ್ನಿಗೆ ಉದ್ದ ತಂತಿ ಕಟ್ಟಿದ್ದು, ಕಕ್ಕಡ ತಿಂಗಳ ಮಳೆಯ ತೇವದಲ್ಲಿ ಡಬ್ಬಿಯೊಳಗೆ ನೀರಿನ ಪೊರೆ ಕಟ್ಟಿದರೆ ಇದೂ ಆಗಬಹುದು. ಬೋರ್ಡನ್ನು ಒಣಗಿಸಿ ನೋಡುವ ಮೊದಲು ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ಕೂತರೆ ರಾತ್ರಿ ಕಳೆದೀತು, ಉತ್ತರ ಸಿಗದು.

ಹನ್ನೆರಡರ ಸಮಸ್ಯೆಗೆ ಎರಡು ಮದ್ದುಗಳಿವೆ. ಚಿಪ್ಪಿನೊಳಗಿನ ಇ-ಫ್ಯೂಸ್ ಸುಟ್ಟು ಫ್ಲ್ಯಾಶಿಗೆ ಎಂದೆಂದಿಗೂ 3.3 ವೋಲ್ಟೇ ಹೋಗುವಂತೆ ಮಾಡಬಹುದು. ಒಮ್ಮೆ ಸುಟ್ಟರೆ ಮತ್ತೆ ಮೊದಲಿನಂತಾಗದು. ತಂತಿಯನ್ನು ಕಿತ್ತು 27ನೇ ಪಿನ್ನಿಗೆ ಹಾಕುವುದು ಇನ್ನೊಂದು. ನಾನು ಎರಡನೆಯದನ್ನೇ ಹೇಳುತ್ತೇನೆ. 27 ಎಂಬುದು ನಿದ್ದೆಯಲ್ಲಿರುವ ಚಿಪ್ಪನ್ನು ಎಬ್ಬಿಸಬಲ್ಲ ಪಿನ್ನು ಕೂಡ. ಬ್ಯಾಟರಿಯಲ್ಲಿ ನಡೆಯುವ ಮಾಪಕ ಹೆಚ್ಚಿನ ಹೊತ್ತು ಮಲಗಿರಬೇಕು, ಬೋಗುಣಿ ಮಗುಚಿದಾಗ ಮಾತ್ರ ಏಳಬೇಕು.

ಹನ್ನೆರಡನ್ನು ಬಿಟ್ಟುಕೊಡಲು ಇನ್ನೂ ಒಂದು ಕಾರಣವಿದೆ. ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ ಒಳಗೆ ಏನಾಗುತ್ತಿದೆ ಎಂದು ನೋಡಲು ಬಳಸುವ ಜೆಟ್ಯಾಗ್ ದಾರಿ ಇರುವುದು 12ರಿಂದ 15ರವರೆಗಿನ ನಾಲ್ಕು ಪಿನ್ನುಗಳಲ್ಲಿ. ಬೋರ್ಡುಗಳ ಬೆಸುಗೆ ಪರೀಕ್ಷಿಸಲೆಂದು ಹುಟ್ಟಿ 1990ರಲ್ಲಿ ಮಾನಕವಾದ ವಿಧಾನ ಅದು. ಈಗ ಅದರ ಮೂಲಕವೇ ಚಿಪ್ಪಿನ ಒಳಹೊಕ್ಕು ನೋಡುತ್ತೇವೆ. ಇದಕ್ಕೆ ಎಲ್ಲರೂ ಬಳಸುವ ಓಪನ್ಓಸಿಡಿ ತಂತ್ರಾಂಶ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಡೊಮಿನಿಕ್ ರಾತ್ ಎಂಬ ವಿದ್ಯಾರ್ಥಿಯ ಪದವಿ ಪ್ರಬಂಧವಾಗಿ 2005ರಲ್ಲಿ ಶುರುವಾಯಿತು. ಅದು ಚಿಪ್ಪನ್ನು ಕರೆದಾಗ ಉತ್ತರವಾಗಿ ಬರೀ ಒಂದುಗಳೋ ಬರೀ ಸೊನ್ನೆಗಳೋ ಬಂದರೆ ಮೊದಲು ನೋಡಬೇಕಾದದ್ದು ತಂತಿ ಮತ್ತು ಕರೆಂಟು. ಆ ನಾಲ್ಕು ಪಿನ್ನುಗಳಲ್ಲಿ ಬೇರೆ ಏನಾದರೂ ನೇತಾಡುತ್ತಿದೆಯೇ ಎಂಬುದು ಆಮೇಲೆ. ಚಿಪ್ಪು ನಿದ್ದೆಗೆ ಜಾರಿದಾಗಲೂ ಸಂಪರ್ಕ ಕಡಿಯುತ್ತದೆ. ಅದು ದೋಷವಲ್ಲ, ತಪಾಸಣೆ ಮುಗಿಯುವ ತನಕ ನಿದ್ದೆಯ ಸಾಲನ್ನು ಪ್ರೋಗ್ರಾಮಿನಿಂದ ತೆಗೆದಿಡಬೇಕು ಅಷ್ಟೆ.

ಕರೆಂಟಿನ ವಿಷಯ ಕೊಡಗಿನವರಿಗೆ ವಿವರಿಸಬೇಕಿಲ್ಲ, ಆದರೆ ಇಲ್ಲಿ ತಂತಿ ಕಡಿಯದೆಯೂ ಕರೆಂಟು ಕೈಕೊಡುತ್ತದೆ. ವೈಫೈ ಸಂದೇಶ ಕಳಿಸುವ ಕ್ಷಣದಲ್ಲಿ ಚಿಪ್ಪು 240 ಮಿಲಿಆಂಪಿನಷ್ಟು ಎಳೆಯುತ್ತದೆ. ತೆಳ್ಳನೆಯ ಉದ್ದ ಕೇಬಲ್, ದಣಿದ ಬ್ಯಾಟರಿ ಇದ್ದರೆ ವೋಲ್ಟೇಜ್ ಕುಸಿದು, ಚಿಪ್ಪಿನೊಳಗಿನ ಕಾವಲುಗಾರ ರೀಸೆಟ್ ಮಾಡುತ್ತಾನೆ. ಆ ಕಾವಲನ್ನೇ ತೆಗೆದುಹಾಕುವ ಒಂದು ಸಾಲಿನ ಉಪಾಯವನ್ನು ಬಹಳ ಜನ ಹೇಳಿಕೊಡುತ್ತಾರೆ. ದಯವಿಟ್ಟು ಮಾಡಬೇಡಿ. ವೋಲ್ಟೇಜ್ ಸಾಲದ ಹೊತ್ತಿನಲ್ಲಿ ಫ್ಲ್ಯಾಶಿಗೆ ಬರೆಯಲು ಹೋದರೆ ಇದ್ದ ಪ್ರೋಗ್ರಾಮೂ ಹಾಳಾಗಬಹುದು. ದಪ್ಪ ಕೇಬಲ್ಲು, ಬೋರ್ಡಿನ ಪಕ್ಕದಲ್ಲೇ ಒಂದು ದೊಡ್ಡ ಕೆಪಾಸಿಟರು ಹಾಕಿದರೆ ಸಾಕು.

ಫ್ಲ್ಯಾಶಿನ ಸ್ವಭಾವವನ್ನೂ ಇಲ್ಲಿಯೇ ಹೇಳಿಬಿಡಬೇಕು. ತೋಶಿಬಾದ ಫುಜಿಯೊ ಮಸುವೊಕಾ 1984ರಲ್ಲಿ ಜಗತ್ತಿನ ಮುಂದಿಟ್ಟ ಈ ಸ್ಮೃತಿ ಇಡೀ ತುಂಡನ್ನು ಒಂದೇ ಸಲಕ್ಕೆ ಅಳಿಸುತ್ತದೆ. ಕ್ಯಾಮೆರಾದ ಫ್ಲ್ಯಾಶ್ ಮಿಂಚಿದ ಹಾಗೆ ಎಂದು ಅವರ ಸಹೋದ್ಯೋಗಿಯೊಬ್ಬರಿಗೆ ಅನಿಸಿದ್ದರಿಂದ ಈ ಹೆಸರು. ಅಳಿಸಿದಾಗ ಎಲ್ಲ ಬಿಟ್ಟುಗಳೂ ಒಂದಾಗುತ್ತವೆ, ಬರೆಯುವುದೆಂದರೆ ಬೇಕಾದ ಒಂದುಗಳನ್ನು ಸೊನ್ನೆ ಮಾಡುವುದು. ಮತ್ತೆ ಒಂದು ಮಾಡಬೇಕಾದರೆ 4096 ಬೈಟುಗಳ ಇಡೀ ತುಂಡನ್ನೇ ಅಳಿಸಬೇಕು. ಒಂದು ತುಂಡು ಹೀಗೆ ತಾಳಿಕೊಳ್ಳುವುದು ಸುಮಾರು 1 ಲಕ್ಷ ಸಲ. ಕರೆಂಟು ಹೋದರೂ ಲೆಕ್ಕ ಉಳಿಯಲಿ ಎಂದು ಮಳೆಯ ಸಂಖ್ಯೆಯನ್ನು ನಿಮಿಷಕ್ಕೊಮ್ಮೆ ಅದೇ ತುಂಡಿನಲ್ಲಿ ಅಳಿಸಿ ಬರೆಯುತ್ತಾ ಹೋದರೆ ದಿನಕ್ಕೆ 1440 ಸಲ, 70 ದಿನದೊಳಗೆ ಲಕ್ಷ ಮುಗಿಯಿತು. ಜೂನ್ 1ಕ್ಕೆ ನೆಟ್ಟ ಮಾಪಕದ ಆಯುಸ್ಸು ಆಗಸ್ಟ್ ಎರಡನೇ ವಾರಕ್ಕೆ ತೀರುತ್ತದೆ, ಗುಡ್ಡಗಳನ್ನು ಕಂಡು ಜನ ಹೆದರುವ ಹೊತ್ತಿಗೆ ಸರಿಯಾಗಿ. ತುಂಡುಗಳನ್ನು ಬದಲಿಸುತ್ತಾ ಬರೆಯುವ ಸೌಲಭ್ಯವನ್ನು ತಯಾರಕರೇ ಕೊಟ್ಟಿದ್ದಾರೆ. ಅದನ್ನು ಬಳಸಿ, ಹತ್ತು ಸೆಂಟಿಗೊಮ್ಮೆ ಬರೆದರೆ ವರ್ಷಗಟ್ಟಲೆ ಬಾಳುತ್ತದೆ.

ಡಬ್ಬಿಯ ಮುಚ್ಚಳ ಬಿಗಿಯುವ ಮುನ್ನ ಸೀರಿಯಲ್‌ನ ಎರಡು ತಂತಿ, ಒಂದು ಗ್ರೌಂಡ್ ತಂತಿಯನ್ನು ರಬ್ಬರ್ ಬಿರಡೆಯ ಮೂಲಕ ಹೊರಗೆ ತಂದು, ತುದಿಗೆ ಟೇಪ್ ಸುತ್ತಿ ಬಿಟ್ಟಿರಿ. ಜುಲೈನಲ್ಲಿ ಮಾಪಕ ಮೌನವಾದ ದಿನ, ಸುರಿಯುವ ಮಳೆಯಲ್ಲಿ ಮುಚ್ಚಳ ತೆರೆಯದೆಯೇ ಲ್ಯಾಪ್‌ಟಾಪ್ ಜೋಡಿಸಿ, ಅದು 13 ಅನ್ನುತ್ತಿದೆಯೋ 33 ಅನ್ನುತ್ತಿದೆಯೋ ಕೇಳಬಹುದು.