ಬೆಂಬಲಿಗ, ಅಭಿಮಾನಿ, ಹಿಂಬಾಲಕ: ಅನುಯಾಯಿತ್ವದ ಅರ್ಥ

‘ಅನುಯಾಯಿ’ ಸಂಸ್ಕೃತ ಮೂಲದ ಪದ. ‘ಅನು’ ಎಂದರೆ ಹಿಂದೆ, ‘ಯಾ’ ಎಂದರೆ ಹೋಗು. ಹಿಂದೆ ಹೋಗುವವನು ಎಂಬುದಷ್ಟೇ ಅದರ ಮೂಲಾರ್ಥ. ಆದರೆ ಹಿಂದೆ ಹೋಗುವವರೆಲ್ಲ ಒಂದೇ ಬಗೆಯವರಲ್ಲ ಎಂಬುದನ್ನು ನಮ್ಮ ಪದಗಳೇ ತೋರಿಸುತ್ತವೆ.

‘ಶಿಷ್ಯ’ನದು ಕಲಿಕೆಯ ಸಂಬಂಧ. ‘ಬೆಂಬಲಿಗ’ ಎಂಬಲ್ಲಿ ಬೆನ್ನು ಮತ್ತು ಬಲ ಸೇರಿವೆ. ಬೆನ್ನಿಗೆ ನಿಂತು ಬಲ ಕೊಡುವವನು ಎಂದರ್ಥ. ಸಂಸ್ಕೃತದಲ್ಲಿ ಗರ್ವವನ್ನು ಸೂಚಿಸುವ ‘ಅಭಿಮಾನ’ಕ್ಕೆ ಕನ್ನಡದಲ್ಲಿ ಪ್ರೀತಿಯೂ ಮೆಚ್ಚುಗೆಯೂ ಸೇರಿಕೊಂಡಿವೆ. ಇಂಗ್ಲಿಷಿನ ‘ಫ್ಯಾನ್’ ಪದವು ‘ಫ್ಯಾನಟಿಕ್’ನ ಮೊಟಕು ರೂಪ, ಅದರ ಬೇರು ಗುಡಿ ಎಂಬ ಅರ್ಥದ ಲ್ಯಾಟಿನ್ ಪದದಲ್ಲಿದೆ. ಡಾ. ರಾಜ್‌ಕುಮಾರ್ ಅಭಿಮಾನಿಗಳನ್ನೇ ದೇವರುಗಳೆಂದು ಕರೆದು ಈ ಸಂಬಂಧವನ್ನು ತಿರುಗಿಸಿಬಿಟ್ಟರು. ‘ಹಿಂಬಾಲಕ’ ಎಂಬುದು ಮಾತ್ರ ಸಾಮಾನ್ಯವಾಗಿ ಹೊಗಳಿಕೆಯಲ್ಲ. ಗುಂಪಿನ ವಿಷಯದಲ್ಲೂ ಹೀಗೆಯೇ: ಮೆಚ್ಚಿದರೆ ‘ಬಳಗ’, ಹುರುಪಿಗೆ ‘ಪಡೆ’, ಮೂದಲಿಕೆಗೆ ‘ಪಟಾಲಂ’. ಜನ ಅವರೇ, ಹೇಳುವವರ ನಿಲುವು ಬೇರೆ.

1988ರಲ್ಲಿ ರಾಬರ್ಟ್ ಕೆಲ್ಲಿ ಎಂಬ ಅಮೆರಿಕದ ವಿದ್ವಾಂಸರು ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ ಪತ್ರಿಕೆಯಲ್ಲಿ ಅನುಯಾಯಿಗಳನ್ನು ಎರಡು ಅಳತೆಗಳಿಂದ ನೋಡಿದರು: ಸ್ವತಂತ್ರವಾಗಿ ಯೋಚಿಸುತ್ತಾರೆಯೇ? ಕೆಲಸದಲ್ಲಿ ತೊಡಗುತ್ತಾರೆಯೇ? ಎರಡೂ ಇಲ್ಲದವರು ಕುರಿಗಳಂತೆ. ತೊಡಗಿಯೂ ಯೋಚಿಸದವರು ಎಲ್ಲಕ್ಕೂ ಹೌದೆನ್ನುವವರು. ಯೋಚಿಸಿಯೂ ತೊಡಗದವರು ದೂರ ಸರಿದವರು. ಎರಡೂ ಇದ್ದವರೇ ಪರಿಣಾಮಕಾರಿ ಅನುಯಾಯಿಗಳು. ಇವರ ನಡುವೆ, ಗಾಳಿ ಬಂದತ್ತ ವಾಲುವವರೂ ಇದ್ದಾರೆ.

ಇದು ನಮ್ಮ ಬೋಧನಾಭ್ಯಾಸಕ್ಕೆ ನೇರವಾಗಿ ಸಂಬಂಧಿಸಿದೆ. ಗುಂಪು ಚಟುವಟಿಕೆಗೆ ಪಾಠಯೋಜನೆ ಬರೆಯುವಾಗ ನಾವು ಒಬ್ಬ ನಾಯಕನನ್ನು ಆರಿಸಿ, ಉಳಿದವರಿಗೆ ‘ಸಹಕರಿಸುವುದು’ ಎಂದಷ್ಟೇ ಬರೆಯುತ್ತೇವೆ. ಸರಳ ಲೋಲಕದ ಪ್ರಯೋಗವನ್ನೇ ನೋಡೋಣ. ನಾಯಕಿ ಇಪ್ಪತ್ತು ಆಂದೋಲನ ಆಯಿತೆನ್ನುತ್ತಾಳೆ. ಪಕ್ಕದ ಹುಡುಗ, “ನಾನು ಎಣಿಸಿದ್ದು ಹತ್ತೊಂಬತ್ತು, ಇನ್ನೊಮ್ಮೆ ನೋಡೋಣ” ಎನ್ನುತ್ತಾನೆ. ಅವನು ನಾಯಕಿಯ ವಿರೋಧಿಯಲ್ಲ. ಪ್ರಯೋಗಕ್ಕೆ ನಿಜವಾದ ಬೆಂಬಲ ಅವನದೇ. ಗದ್ದಲವೆಂದು ಅವನನ್ನು ಸುಮ್ಮನಾಗಿಸಿದರೆ ಗುಂಪಿನಲ್ಲಿ ಉಳಿಯುವುದು ತಪ್ಪು ಅಳತೆ ಮತ್ತು ಒಮ್ಮತ.

ಹಾಗಾಗಿ ಮೂರು ಸಣ್ಣ ಬದಲಾವಣೆಗಳು ಸಾಕು. ನಾಯಕತ್ವ ಸರದಿಯಂತೆ ಬರಲಿ. ಪ್ರತಿಯೊಬ್ಬರೂ ತಮ್ಮ ಅಳತೆಯನ್ನು ಮೊದಲು ಬರೆದುಕೊಂಡು ನಂತರ ಹೋಲಿಸಲಿ. ಅವಲೋಕನ ಪಟ್ಟಿಯಲ್ಲಿ ‘ಕಾರಣ ಕೇಳಿದರು’ ಎಂಬುದಕ್ಕೂ ಒಂದು ಅಂಕಣವಿರಲಿ. ಭಾಷಾ ತರಗತಿಯಲ್ಲಾದರೆ ಸುದ್ದಿಯೊಂದರ ‘ಅಭಿಮಾನಿಗಳು’ ಎಂಬುದನ್ನು ‘ಹಿಂಬಾಲಕರು’ ಎಂದು ಬದಲಿಸಿ, ಅರ್ಥದಲ್ಲಿ ಆದ ವ್ಯತ್ಯಾಸವನ್ನು ಮಕ್ಕಳಿಂದಲೇ ಹೇಳಿಸಬಹುದು.

ಒಂದೇ ದನಿಯಲ್ಲಿ “ಹೌದು ಸಾರ್” ಎನ್ನುವ ತರಗತಿ ಶಿಸ್ತಿನದಾಗಿ ಕಾಣುತ್ತದೆ. ಅದೇ ಮಕ್ಕಳು ಹದಿನೆಂಟಕ್ಕೆ ಮತದಾರರಾಗುತ್ತಾರೆ. ಆಗ ಯಾರ ಹಿಂದೆ, ಎಲ್ಲಿಯವರೆಗೆ, ಏಕೆ ನಡೆಯಬೇಕೆಂದು ಕೇಳಿಕೊಳ್ಳುವ ಅಭ್ಯಾಸ ಅವರಿಗೆ ಬೇಕು. ಅದನ್ನು ಬೆಳೆಸಲು ನಮ್ಮ ನಲವತ್ತು ನಿಮಿಷದ ಪಾಠದಲ್ಲೂ ಜಾಗವಿದೆ.